ಎಬಿಸಿಡಿ ಮೊದಲೋ, ಅಆಇಈ ಮೊದಲೋ?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಮಕ್ಕಳನ್ನು ಶಾಲೆಗೆ ಸೇರಿಸುವ ಕಾಲ ಹತ್ತಿರವಾಗುತ್ತಿದೆ. ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಬಂದ ಪತ್ರಗಳಲ್ಲಿ ಒಂದೇ ಚಿಂತೆ ಮತ್ತೆ ಮತ್ತೆ ಕಾಣಿಸಿತು: ಇಂಗ್ಲಿಷನ್ನು ಎಳವೆಯಲ್ಲೇ ಶುರುಮಾಡಿದರೆ ಮುಂದೆ ಓದಿಗೆ ಅನುಕೂಲವೇ, ತೊಡಕೇ? ಚಿಕ್ಕ ಮಕ್ಕಳಿಗೆ ಓದು-ಬರಹ ಕಲಿಸುವ ಮತ್ತು ಶಿಕ್ಷಕರಿಗೆ ತರಬೇತಿ ಕೊಡುವ ಇಬ್ಬರು ಸೇರಿ ಉತ್ತರಿಸಿದ್ದಾರೆ.

ಮಗಳಿಗೆ ಮೂರು ವರ್ಷ ತುಂಬಿತು. ಎಲ್‌ಕೆಜಿಯಿಂದಲೇ ಇಂಗ್ಲಿಷ್ ಮೀಡಿಯಂಗೆ ಹಾಕಿ, ಈಗ ಬಿಟ್ಟರೆ ಮುಂದೆ ನಾಲಿಗೆ ಹೊರಳಲ್ಲ ಅಂತ ಎಲ್ಲರೂ ಹೇಳ್ತಾರೆ. ನಿಜವೇ?
ಒಬ್ಬ ತಾಯಿ, ನಿಟ್ಟುವಳ್ಳಿ, ದಾವಣಗೆರೆ

ಅರ್ಧ ನಿಜ. ಬೆಳಗಿನಿಂದ ರಾತ್ರಿವರೆಗೆ ಸುತ್ತಲೂ ಒಂದು ಭಾಷೆಯನ್ನೇ ಕೇಳುತ್ತ ಬೆಳೆಯುವ ಮಗುವಿಗೆ ಅದರ ಉಚ್ಚಾರಣೆ ಸಲೀಸಾಗಿ ಬರುತ್ತದೆ. ಆದರೆ ನಿಮ್ಮ ಮಗಳ ಬೀದಿ, ಅಂಗಡಿ, ಅಜ್ಜಿಮನೆ ಎಲ್ಲವೂ ಕನ್ನಡ. ಇಂಗ್ಲಿಷ್ ಕಿವಿಗೆ ಬೀಳುವುದು ಶಾಲೆಯಲ್ಲಿ, ಅದೂ ಹೆಚ್ಚಾಗಿ ‘ಸಿಟ್ ಡೌನ್’, ‘ಓಪನ್ ಯುವರ್ ಬುಕ್’ ಎಂಬಷ್ಟು. ದಿನಕ್ಕೆ ಇಷ್ಟೇ ಇಷ್ಟು ಭಾಷೆ ಸಿಗುವ ಕಡೆ ಬೇಗ ಶುರುಮಾಡಿದ್ದರ ಲಾಭ ಬಹಳ ಕಡಿಮೆ.

ಬೇರೆ ದೇಶಗಳಲ್ಲಿ ಇದನ್ನು ವರ್ಷಗಟ್ಟಲೆ ಗಮನಿಸಿ ನೋಡಿದ್ದಾರೆ. ಬ್ರಿಟನ್ನಿನಲ್ಲಿ 1964ರಿಂದ 1974ರವರೆಗೆ, 8ನೇ ವಯಸ್ಸಿಗೆ ಫ್ರೆಂಚ್ ಶುರುಮಾಡಿದ ಮಕ್ಕಳನ್ನೂ 11ಕ್ಕೆ ಶುರುಮಾಡಿದವರನ್ನೂ ಹೋಲಿಸಿದರು. 16ನೇ ವಯಸ್ಸಿಗೆ ಬಂದಾಗ ಮೊದಲಿನವರು ಮುಂದಿದ್ದದ್ದು ಕೇಳಿ ಅರ್ಥಮಾಡಿಕೊಳ್ಳುವುದರಲ್ಲಿ ಮಾತ್ರ. ಜರ್ಮನಿಯ ನಾರ್ತ್ ರೈನ್-ವೆಸ್ಟ್‌ಫೇಲಿಯಾ ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ, 2017ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಯೋಚನೆಗೆ ಹಚ್ಚುತ್ತದೆ. ಅಲ್ಲಿ 1ನೇ ತರಗತಿಯಲ್ಲಿ ಇಂಗ್ಲಿಷ್ ಆರಂಭಿಸಿದವರು 5ನೇ ತರಗತಿಯಲ್ಲಿ ಮುಂದಿದ್ದರು. 7ಕ್ಕೆ ಬರುವಷ್ಟರಲ್ಲಿ 3ನೇ ತರಗತಿಯಲ್ಲಿ ಆರಂಭಿಸಿದವರು ಅವರನ್ನು ದಾಟಿ ಹೋಗಿದ್ದರು. ಸ್ಪೇನಿನ ಬಾರ್ಸಿಲೋನಾದಲ್ಲಿಯೂ ಅಷ್ಟೇ ಗಂಟೆಗಳ ಪಾಠಕ್ಕೆ ದೊಡ್ಡ ಮಕ್ಕಳೇ ಹೆಚ್ಚು ಕಲಿತರು.

ಕಾರಣ ಇದು: ಹತ್ತು ವರ್ಷದ ಹುಡುಗನಿಗೆ ಓದುವುದೆಂದರೇನು, ವಾಕ್ಯವೆಂದರೇನು, ಪ್ರಶ್ನೆಗೆ ಉತ್ತರ ಹುಡುಕುವುದು ಹೇಗೆ ಎಂಬುದೆಲ್ಲ ತನ್ನ ಭಾಷೆಯಲ್ಲಿ ಗೊತ್ತಿರುತ್ತದೆ. ಹೊಸ ಭಾಷೆಯಲ್ಲಿ ಅವನು ಪದ ಮಾತ್ರ ಕಲಿಯಬೇಕು. ನಾಲ್ಕು ವರ್ಷದ ಮಗು ಪದದ ಜೊತೆಗೆ ಇವನ್ನೂ ಕಲಿಯಬೇಕು.

ಮೂರು ವರ್ಷಕ್ಕೆ ಇಂಗ್ಲಿಷ್ ಕೇಳಿಸಿ, ಬರೆಸಬೇಡಿ. ದಿನಕ್ಕೆ 15 ನಿಮಿಷ ಹಾಡು, ಚಿತ್ರದ ಪುಸ್ತಕ, ‘ಬ್ರಿಂಗ್ ದ ಬಾಲ್’ ಎಂದರೆ ಚೆಂಡು ತರುವ ಆಟ ಸಾಕು. ಒಂದೇ ಪುಸ್ತಕವನ್ನು ಎಂಟು-ಹತ್ತು ಸಲ ಓದಿ ಹೇಳಿದರೂ ಮಗುವಿಗೆ ಬೇಸರವಿಲ್ಲ, ಪದ ನಿಲ್ಲುವುದು ಹಾಗೆ ಮರುಕೇಳಿದಾಗಲೇ. ಶಾಲೆ ನೋಡಲು ಹೋದಾಗ ಎಲ್‌ಕೆಜಿ ಕೋಣೆಯಲ್ಲಿ ಹತ್ತು ನಿಮಿಷ ನಿಲ್ಲಲು ಅವಕಾಶ ಕೇಳಿ. ಮಕ್ಕಳು ಮಾತಾಡುತ್ತಿದ್ದಾರೋ, ಇಲ್ಲ ನಾಲ್ಕು ಗೆರೆ ಪುಸ್ತಕದಲ್ಲಿ ಪುಟಗಟ್ಟಲೆ ‘ಎ’ ತಿದ್ದುತ್ತಿದ್ದಾರೋ ನೋಡಿ. ಬಣ್ಣದ ಗೋಡೆಗಿಂತ ಅದು ಹೆಚ್ಚು ಹೇಳುತ್ತದೆ.

ಮಗ ಇಂಗ್ಲಿಷ್ ಮೀಡಿಯಂ, ನಾಲ್ಕನೇ ಕ್ಲಾಸು. ಮೂರರವರೆಗೆ ನೂರಕ್ಕೆ ತೊಂಬತ್ತರ ಮೇಲೆ. ಈ ವರ್ಷ ಗಣಿತ, ಪರಿಸರ ಅಧ್ಯಯನ ಎರಡರಲ್ಲೂ ಐವತ್ತಕ್ಕೆ ಇಳಿದಿದ್ದಾನೆ. ಟ್ಯೂಷನ್‌ಗೂ ಕಳಿಸ್ತಿದ್ದೀವಿ. ಏನಾಯ್ತು ಇವನಿಗೆ?
ಹರಿಹರದ ಓದುಗರು

ಇವನಿಗೆ ಏನೂ ಆಗಿಲ್ಲ, ಪಾಠ ಬದಲಾಗಿದೆ. ಮೂರನೇ ತರಗತಿವರೆಗೆ ಉತ್ತರಗಳೆಂದರೆ ಒಂದು ಪದ, ಬಿಟ್ಟ ಸ್ಥಳ, ಕೂಡುವ-ಕಳೆಯುವ ಲೆಕ್ಕ. ಉರು ಹೊಡೆದರೆ ಅಂಕ ಬರುತ್ತದೆ. ನಾಲ್ಕು-ಐದರಲ್ಲಿ ಓದಿ ತಿಳಿದುಕೊಳ್ಳಬೇಕಾದ ಪಾಠ ಶುರುವಾಗುತ್ತದೆ, ಲೆಕ್ಕಗಳು ವಾಕ್ಯದಲ್ಲಿ ಬರುತ್ತವೆ. ಆಗ ಅಡಿಪಾಯದ ಬಿರುಕು ಕಾಣಿಸುತ್ತದೆ. ನಮಗೆ ಬರುವ ದೂರುಗಳಲ್ಲಿ ಬಹುಪಾಲು ಇದೇ ವಯಸ್ಸಿನವು.

ಕೆನಡಾಕ್ಕೆ ವಲಸೆ ಬಂದ ಮಕ್ಕಳನ್ನು ನೋಡಿ ಜಿಮ್ ಕಮಿನ್ಸ್ ಎಂಬ ವಿದ್ವಾಂಸರು ಹೇಳಿದ ಮಾತು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹೊಸ ಭಾಷೆಯಲ್ಲಿ ಆಟದ ಬಯಲಿನ ಮಾತು ಒಂದೆರಡು ವರ್ಷಕ್ಕೆ ಬರುತ್ತದೆ. ಪಠ್ಯಪುಸ್ತಕದ ಭಾಷೆ ಕೈಗೆ ಸಿಗಲು 5ರಿಂದ 7 ವರ್ಷ ಬೇಕು. ಅದೂ ಸುತ್ತಲೂ ಇಂಗ್ಲಿಷ್ ಇರುವ ದೇಶದಲ್ಲಿ. ನಿಮ್ಮ ಮಗ ಪಟಪಟನೆ ನಾಲ್ಕು ಮಾತಾಡಿದ್ದನ್ನು ನೋಡಿ ಇಂಗ್ಲಿಷ್ ಬಂತು ಎಂದುಕೊಂಡಿರಬಹುದು, ಆದರೆ ಪುಸ್ತಕದ ಇಂಗ್ಲಿಷ್ ಬೇರೆಯೇ.

ಟ್ಯೂಷನ್ ಬದಲಿಸುವ ಮುಂಚೆ ಮನೆಯಲ್ಲಿ ಅರ್ಧ ಗಂಟೆ ಹೀಗೆ ಪರೀಕ್ಷಿಸಿ. ಎರಡನೇ ತರಗತಿಯ ಇಂಗ್ಲಿಷ್ ಪುಸ್ತಕದಿಂದ, ಅವನು ಬಾಯಿಪಾಠ ಮಾಡಿರದ ಎಂಟು ಸಾಲು ಓದಿಸಿ. ಪುಸ್ತಕ ಮುಚ್ಚಿ, ಓದಿದ್ದನ್ನು ಕನ್ನಡದಲ್ಲಿ ಹೇಳು ಎನ್ನಿ. ಆಮೇಲೆ ನಾಲ್ಕನೇ ತರಗತಿಯ ಒಂದು ವಾಕ್ಯದ ಲೆಕ್ಕವನ್ನು ಅವನೇ ಓದಿ ಮಾಡಲಿ. ಸ್ವಲ್ಪ ಹೊತ್ತು ಬಿಟ್ಟು, ಅಂಥದೇ ಲೆಕ್ಕವನ್ನು ಬೇರೆ ಅಂಕಿಗಳಲ್ಲಿ ನೀವು ಕನ್ನಡದಲ್ಲಿ ಬಾಯಿಮಾತಲ್ಲಿ ಹೇಳಿ.

ಕನ್ನಡದಲ್ಲಿ ಹೇಳಿದ ಲೆಕ್ಕ ಮಾಡಿ, ಇಂಗ್ಲಿಷಿನದು ತಪ್ಪಿದರೆ ಅವನಿಗೆ ಗಣಿತ ಬರುತ್ತದೆ, ಭಾಷೆ ಅಡ್ಡ ಬಂದಿದೆ. ಗಣಿತದ ಟ್ಯೂಷನ್ನಿಗೆ ಕೊಡುವ ಫೀಸು ಅಲ್ಲಿ ವ್ಯರ್ಥ. ಸರಾಗವಾಗಿ ಓದಿದನು, ಆದರೆ ಏನು ಓದಿದೆ ಎಂದರೆ ಸುಮ್ಮನಾದನು ಎಂದಾದರೆ, ಅಕ್ಷರ ಬಂದಿದೆ, ಪದದ ಅರ್ಥ ಬಂದಿಲ್ಲ. ಓದುವುದೇ ತಡವರಿಸಿದರೆ ಇನ್ನೂ ಹಿಂದೆ, ಅಕ್ಷರ-ಧ್ವನಿಯ ಹಂತಕ್ಕೇ ಹೋಗಬೇಕು. ಎರಡು ಭಾಷೆಯಲ್ಲೂ ಲೆಕ್ಕ ಬರಲಿಲ್ಲವೆಂದರೆ ಮಾತ್ರ ಅದು ಗಣಿತದ ತೊಂದರೆ.

ಎಲ್ಲಿ ಎಡವುತ್ತಾರೆ ಎಂಬುದಕ್ಕೆ ಒಂದು ಉದಾಹರಣೆ. ರಾಜುವಿನ ಹತ್ತಿರ 12 ಮಾವಿನಹಣ್ಣು, ಸೀತೆಯ ಹತ್ತಿರ 7. ‘ಹೌ ಮೆನಿ ಮೋರ್’ ಎಂಬ ಪ್ರಶ್ನೆ. ‘ಮೋರ್’ ಎಂದರೆ ಜಾಸ್ತಿ, ಜಾಸ್ತಿ ಎಂದರೆ ಕೂಡು ಎಂದು ಮಗು 19 ಬರೆಯುತ್ತದೆ. ‘ಸೀತೆಗಿಂತ ರಾಜು ಹತ್ರ ಎಷ್ಟು ಜಾಸ್ತಿ ಅದಾವೆ?’ ಎಂದು ಕೇಳಿ ನೋಡಿ, ಅದೇ ಮಗು ಎಷ್ಟೋ ಸಲ ಬೆರಳು ಮಡಚಿ 5 ಎನ್ನುತ್ತದೆ. ‘ಈಚ್’, ‘ಆಲ್ಟುಗೆದರ್’, ‘ಲೆಫ್ಟ್’, ‘ಅಟ್ ಲೀಸ್ಟ್’ ಇವೂ ಹೀಗೆಯೇ ಕಾಲು ಎಳೆಯುವ ಪದಗಳು. ‘ಲೆಫ್ಟ್’ ಎಂದರೆ ಎಡಗೈ ಎಂದಷ್ಟೇ ಗೊತ್ತಿರುವ ಮಗು ಕಳೆಯುವ ಲೆಕ್ಕದ ಮುಂದೆ ಸುಮ್ಮನೆ ಕೂರುತ್ತದೆ.

ಸಂಖ್ಯೆಗಳ ಹೆಸರಲ್ಲೂ ಒಂದು ಸೂಕ್ಷ್ಮವಿದೆ. ಕನ್ನಡದ ‘ಹದಿಮೂರು’ ಹತ್ತನ್ನು ಮೊದಲು ಹೇಳಿ ಮೂರನ್ನು ಆಮೇಲೆ ಹೇಳುತ್ತದೆ, ಬರೆಯುವುದೂ ಹಾಗೇ, 13. ಇಂಗ್ಲಿಷಿನ ‘ಥರ್ಟೀನ್’ನಲ್ಲಿ ಮೂರು ಮೊದಲು. ಅದಕ್ಕೇ ಚಿಕ್ಕ ಮಕ್ಕಳು 31 ಎಂದು ಬರೆದುಬಿಡುತ್ತಾರೆ, ‘ಥರ್ಟಿ’ಗೂ ಅದಕ್ಕೂ ಗೊಂದಲ ಬೇರೆ. ಮಗ್ಗಿಯನ್ನು ಮನೆಯಲ್ಲಿ ಕನ್ನಡದಲ್ಲೇ ಹೇಳಿಸಿ. ಹೇಗೂ ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಹೇಳುತ್ತಾನೆ.

ಮುಂದಿನ ಮೂರು ತಿಂಗಳು ದಿನಕ್ಕೆ 30 ನಿಮಿಷ ಕೊಡಿ. ನಾಳೆ ಶಾಲೆಯಲ್ಲಿ ಬರುವ ಪಾಠವನ್ನು ಇಂದೇ ಕನ್ನಡದಲ್ಲಿ ಮಾತಾಡಿ. ನೀರಿನ ಪಾಠವಾದರೆ ತುಂಗಭದ್ರೆ ಎಲ್ಲಿಂದ ಬರುತ್ತಾಳೆ, ಬೇಸಿಗೆಯಲ್ಲಿ ಯಾಕೆ ಸೊರಗುತ್ತಾಳೆ ಎಂದು ಹತ್ತು ನಿಮಿಷ. ಆಮೇಲೆ ಆ ಪಾಠದ ಐದು ಇಂಗ್ಲಿಷ್ ಪದಗಳನ್ನು ಅರ್ಥದ ಸಮೇತ ಪರಿಚಯಿಸಿ. ಉಳಿದ ಹೊತ್ತು ಅವನು ಓದಲಿ, ಒಂದೊಂದು ಪ್ಯಾರಾ ಆದಮೇಲೆ ನಿಲ್ಲಿಸಿ ಕನ್ನಡದಲ್ಲಿ ಹೇಳಲಿ. ಎಲ್ಲರೂ ಪಾಠ ಆದಮೇಲೆ ಓದಿಸುತ್ತಾರೆ. ಮುಂಚೆ ಮಾತಾಡಿದರೆ ತರಗತಿಯಲ್ಲಿ ಕೇಳಿದ್ದು ತಲೆಗೆ ಹೋಗುತ್ತದೆ.

ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಮೀಡಿಯಂನವರೇ ಮುಂದೆ ಇರ್ತಾರಲ್ಲ, ಮತ್ಯಾಕೆ ಕನ್ನಡ ಕನ್ನಡ ಅಂತೀರಿ?
ಭರಮಸಾಗರದ ಓದುಗರು

ಯಾರನ್ನು ಯಾರ ಜೊತೆ ಹೋಲಿಸುತ್ತಿದ್ದೀರಿ ನೋಡಿ. ಪೇಟೆಯ ಇಂಗ್ಲಿಷ್ ಮೀಡಿಯಂ ಶಾಲೆಯ ಹುಡುಗಿಯ ಮನೆಯಲ್ಲಿ ಅಪ್ಪ-ಅಮ್ಮ ಓದಿದವರಿರಬಹುದು, ಟ್ಯೂಷನ್ ಇರಬಹುದು, ಓದಲು ಕೋಣೆ ಇರಬಹುದು. ಕನ್ನಡ ಮೀಡಿಯಂ ಹುಡುಗ ಬೆಳಗ್ಗೆ ಹೊಲಕ್ಕೆ ಹೋಗಿ ಬಂದು ಬಸ್ಸು ಹತ್ತುವವನಿರಬಹುದು. ಅಂಕದ ಅಂತರಕ್ಕೆ ಮಾಧ್ಯಮವೇ ಕಾರಣ ಎನ್ನಬೇಕಾದರೆ ಇಬ್ಬರ ಮನೆಯೂ ಒಂದೇ ತರಹ ಇರಬೇಕು. ಇಥಿಯೋಪಿಯಾದಲ್ಲಿ 8ನೇ ತರಗತಿವರೆಗೂ ಮನೆಮಾತಿನಲ್ಲೇ ಕಲಿತ ಮಕ್ಕಳು ಗಣಿತ, ವಿಜ್ಞಾನಗಳಲ್ಲಿ ಬೇಗ ಇಂಗ್ಲಿಷಿಗೆ ಹೊರಳಿದವರಿಗಿಂತ ಮುಂದಿದ್ದರು ಎಂದು 2007ರ ವರದಿಯೊಂದು ತೋರಿಸಿತು.

ಇಂಗ್ಲಿಷ್ ಬೇಡ ಎಂದು ನಾವು ಹೇಳುತ್ತಿಲ್ಲ. ಇಂಗ್ಲಿಷ್ ಬೇಕೇ ಬೇಕು, ಚೆನ್ನಾಗಿ ಬೇಕು. ಕೂಲಿಯವರ ಮಗುವಿಗೆ ಅದು ಇನ್ನೂ ಹೆಚ್ಚು ಬೇಕು. ಒಂದು ಭಾಷೆಯಲ್ಲಿ ಓದಿ ಅರ್ಥಮಾಡಿಕೊಳ್ಳಲು ಕಲಿತ ಮಗುವಿಗೆ ಎರಡನೆಯದು ಬೇಗ ಹತ್ತುತ್ತದೆ, ಯಾವುದರಲ್ಲೂ ಕಲಿಯದ ಮಗು ಎರಡರಲ್ಲೂ ಹಿಂದುಳಿಯುತ್ತದೆ. ನಮ್ಮ ಹಟ ಅಷ್ಟಕ್ಕೇ.

ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಈಗ ಒಂದನೇ ಕ್ಲಾಸಿನಿಂದ ಇಂಗ್ಲಿಷೂ ಇದೆ. ಮೂರು ಭಾಷೆ ಮಗುವಿಗೆ ಭಾರ ಆಗಲ್ವೆ?
ಮೊಳಕಾಲ್ಮುರು ತಾಲ್ಲೂಕಿನ ಒಬ್ಬ ಶಿಕ್ಷಕಿ

ಮೂರು ಭಾಷೆ ಮಾತಾಡುವುದು ಭಾರವಲ್ಲ. ಗಡಿಯ ಊರುಗಳಲ್ಲಿ ಅದು ದಿನನಿತ್ಯದ ಬದುಕು. ಭಾರವಾಗುವುದು, ಮಾತು ಬರುವ ಮೊದಲೇ ಎರಡೆರಡು ಲಿಪಿಗಳನ್ನು ಒಟ್ಟಿಗೆ ಹೇರಿದಾಗ.

ಮೊದಲ ಎರಡು ತಿಂಗಳು ಬರೆಸುವುದನ್ನು ಕಡಿಮೆ ಮಾಡಿ, ಕನ್ನಡ ಮಾತಾಡಿಸಿ. ಮಗುವಿನ ತೆಲುಗು ಮಾತೇ ನಿಮಗೆ ಏಣಿ. ತೆಲುಗಿನಲ್ಲಿ ‘ಪ’ದಿಂದ ಶುರುವಾಗುವ ಎಷ್ಟೋ ಪದಗಳು ಕನ್ನಡದಲ್ಲಿ ‘ಹ’ ಆಗಿವೆ: ಪಾಲು-ಹಾಲು, ಪುಲಿ-ಹುಲಿ, ಪಾಮು-ಹಾವು, ಪುವ್ವು-ಹೂವು, ಪಲ್ಲೆ-ಹಳ್ಳಿ. ಇದನ್ನು ಆಟದಂತೆ ಆಡಿಸಿ, ಒಂದು ವಾರದಲ್ಲಿ ಮಕ್ಕಳೇ ಹೊಸ ಜೋಡಿ ಹುಡುಕಿ ತರುತ್ತಾರೆ. ತಾಂಡಾದಿಂದ ಬರುವ ಲಂಬಾಣಿ ಮಕ್ಕಳಿದ್ದರೆ ಅವರು ಮನೆಯಲ್ಲಿ ಅನ್ನುವ ‘ಪಾಣಿ’ (ನೀರು), ‘ಬಾಟಿ’ (ರೊಟ್ಟಿ) ಎಂಬ ಪದಗಳನ್ನು ಕನ್ನಡ ಅಕ್ಷರದಲ್ಲಿ ಬೋರ್ಡಿನ ಮೇಲೆ ಬರೆಯಿರಿ. ತನ್ನ ಮನೆಯ ಮಾತು ಬೋರ್ಡಿನ ಮೇಲೆ ಕಂಡ ಮಗು ಮಾರನೇ ದಿನ ಬಾಯಿಬಿಡುತ್ತದೆ.

ಲಿಪಿಯ ವಿಷಯಕ್ಕೆ ಬಂದರೆ, ಕನ್ನಡದಲ್ಲಿ ಅಕ್ಷರಕ್ಕೂ ಧ್ವನಿಗೂ ಹೊಂದಿಕೆ ಇದೆ, ಆದರೆ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ನೂರಾರು ರೂಪಗಳು. ಅವು ಗಟ್ಟಿಯಾಗಲು ನಾಲ್ಕನೇ ತರಗತಿವರೆಗೂ ಹಿಡಿಯುವುದು ಸಹಜ. ಇಂಗ್ಲಿಷಿನಲ್ಲಿ ಅಕ್ಷರ 26 ಮಾತ್ರ, ಆದರೆ ಒಂದೇ ‘ಎ’ ‘ಕ್ಯಾಟ್’ನಲ್ಲೊಂದು, ‘ಕಾರ್’ನಲ್ಲೊಂದು, ‘ಕೇಕ್’ನಲ್ಲೊಂದು ಧ್ವನಿ ಕೊಡುತ್ತದೆ. ಯುರೋಪಿನ 13 ಭಾಷೆಗಳನ್ನು ಹೋಲಿಸಿದ 2003ರ ಅಧ್ಯಯನದಲ್ಲಿ, ಉಳಿದ ಹೆಚ್ಚಿನ ಭಾಷೆಗಳ ಮಕ್ಕಳು ಒಂದು ವರ್ಷದಲ್ಲಿ ಕಲಿತ ಓದಿಗೆ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೇ ಎರಡು ವರ್ಷಕ್ಕೂ ಹೆಚ್ಚು ಬೇಕಾಯಿತು. ಆದ್ದರಿಂದ ಒಂದನೇ ತರಗತಿಯ ಇಂಗ್ಲಿಷ್ ಅವಧಿ ಹಾಡು, ಕಥೆ, ಆಜ್ಞೆಯ ಆಟಕ್ಕೆ ಇರಲಿ. ಒತ್ತಕ್ಷರವಿಲ್ಲದ ಹತ್ತು ಸಾಲು ಕನ್ನಡವನ್ನು ಮಗು ಓದಿ ಅರ್ಥ ಹೇಳುವಂತಾದ ಮೇಲೆ ಇಂಗ್ಲಿಷ್ ಓದು ಶುರುಮಾಡಿ. ಆಗಲೂ ‘ಎ ಫಾರ್ ಆ್ಯಪಲ್’ ಸರಣಿಗಿಂತ ಧ್ವನಿಯಿಂದ ಹೋಗಿ: ಸ್, ಆ್ಯ, ಟ್, ಪ್, ಇ, ನ್, ಈ ಆರರಿಂದಲೇ ‘ಸ್ಯಾಟ್’, ‘ಪಿನ್’, ‘ಟಿನ್’, ‘ನ್ಯಾಪ್’ ಎಂದು ಹತ್ತಾರು ಪದ ಕಟ್ಟಬಹುದು. ಕನ್ನಡದ ಮಕ್ಕಳು ಕೊನೆಗೆ ‘ಉ’ ಸೇರಿಸಿ ‘ಪಿನ್ನು’ ಎನ್ನುತ್ತಾರೆ. ಅದು ತಪ್ಪೆಂದು ಗದರುವುದು ಬೇಡ, ನೀವು ಸರಿಯಾಗಿ ಹೇಳುತ್ತಾ ಹೋಗಿ.

ಮೊಮ್ಮಗನಿಗೆ ಎರಡೂವರೆ ವರ್ಷ, ಇನ್ನೂ ಎರಡು ಪದ ಕೂಡಿಸಿ ಮಾತಾಡಲ್ಲ. ಎರಡು ಭಾಷೆ ಕೇಳಿಸಿದ್ದಕ್ಕೇ ಹೀಗಾಯ್ತೆ?
ಹಿರಿಯೂರಿನ ಒಬ್ಬ ಅಜ್ಜಿ

ಇಲ್ಲಮ್ಮ. ಎರಡು ಭಾಷೆಯಿಂದ ಮಾತು ತಡವಾಗುವುದಿಲ್ಲ. ಕಾಯುತ್ತ ಕೂರಬೇಡಿ, ಮೊದಲು ಕಿವಿ ಪರೀಕ್ಷೆ ಮಾಡಿಸಿ, ಮಕ್ಕಳ ವೈದ್ಯರಿಗೆ ತೋರಿಸಿ. ಹೆಚ್ಚಿನ ತಪಾಸಣೆ ಬೇಕಾದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮನೆಯಲ್ಲಿ ನಿಮಗೆ ಯಾವ ಭಾಷೆ ಸಲೀಸೋ ಅದರಲ್ಲೇ ಮಗುವಿನ ಜೊತೆ ಹೆಚ್ಚು ಹೆಚ್ಚು ಮಾತಾಡಿ, ಮೊಬೈಲು ದೂರವಿಡಿ.

ಮಗಳು ಕನ್ನಡ ಮೀಡಿಯಂನಲ್ಲಿ ಏಳನೇ ಕ್ಲಾಸ್ ಮುಗಿಸ್ತಾಳೆ, ಚೆನ್ನಾಗಿ ಓದ್ತಾಳೆ. ಎಂಟಕ್ಕೆ ಇಂಗ್ಲಿಷ್ ಮೀಡಿಯಂಗೆ ಹಾಕೋಣವೇ, ಪಿಯುಸಿವರೆಗೆ ಕಾಯೋಣವೇ?
ಜಗಳೂರಿನ ಓದುಗರು

ಎರಡೂ ಆಗುತ್ತದೆ, ತಯಾರಿ ಇದ್ದರೆ. ಆದರೆ ಒಂದು ಲೆಕ್ಕ ಮೊದಲೇ ಹಾಕಿ. ಸಿಇಟಿ ಮೂಲಕ ಸೀಟು ಹಂಚುವಾಗ 1ರಿಂದ 10ನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5ರ ಮೀಸಲಾತಿ ಇದೆ, ಹತ್ತೂ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವರಿಗೆ ಶೇ 15. ಎಂಟಕ್ಕೆ ಮಾಧ್ಯಮ ಬದಲಿಸಿದರೆ ಮೊದಲನೆಯದು ಕೈತಪ್ಪುತ್ತದೆ, ಪೇಟೆಯ ಶಾಲೆಗೆ ಹೋದರೆ ಎರಡನೆಯದೂ. ಬದಲಿಸಿದ ಮೇಲೆ ಇದು ತಿಳಿದು ಸಂಕಟಪಡುವವರು ಬಹಳ. ವೈದ್ಯಕೀಯಕ್ಕಾದರೆ 2017ರಿಂದ ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತಿದೆ, ಆದರೆ ಪಿಯುಸಿ ವಿಜ್ಞಾನದ ಪಾಠ, ಪುಸ್ತಕ, ಕೋಚಿಂಗ್ ಬಹುತೇಕ ಇಂಗ್ಲಿಷಿನವೇ.

ಯಾವಾಗ ಬದಲಿಸಿದರೂ ಬೇಸಿಗೆ ರಜೆಯ ಆರು ವಾರ ಇದಕ್ಕೇ ಮೀಸಲಿಡಿ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಒಂದೇ ತರಗತಿಯ ಗಣಿತ, ವಿಜ್ಞಾನ ಪುಸ್ತಕ ಎರಡೂ ಮಾಧ್ಯಮದಲ್ಲಿ ಸಿಗುತ್ತದೆ. ಮುಗಿಸಿದ ತರಗತಿಯದನ್ನು ಇಳಿಸಿಕೊಂಡು ಅಕ್ಕಪಕ್ಕ ಇಟ್ಟುಕೊಳ್ಳಲಿ. ಹೊಸ ಪಾಠ ಬೇಡ, ಗೊತ್ತಿರುವ ಪಾಠವೇ ಬೇಕು. ಅರ್ಥ ಗೊತ್ತಿರುವುದರಿಂದ ಇಂಗ್ಲಿಷ್ ಮಾತ್ರ ಹೊಸದು. ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆಯಲಿ: ಕನ್ನಡ ಪದ, ಇಂಗ್ಲಿಷ್ ಪದ, ಆ ಪದ ಹಾಕಿ ತಾನೇ ಬರೆದ ಇಂಗ್ಲಿಷ್ ವಾಕ್ಯ. ಭಿನ್ನರಾಶಿ-ಫ್ರ್ಯಾಕ್ಷನ್, ಲಸಾಅ-ಎಲ್‌ಸಿಎಂ, ಒತ್ತಡ-ಪ್ರೆಶರ್, ದ್ಯುತಿಸಂಶ್ಲೇಷಣೆ-ಫೋಟೋಸಿಂಥೆಸಿಸ್. ದಿನಕ್ಕೆ 8 ಪದ, ವಾರಕ್ಕೆ ಆರು ದಿನ, ಏಳನೇ ದಿನ ಉಕ್ತಲೇಖನ. ಆರು ವಾರಕ್ಕೆ 288 ಪದ. ಹೆಚ್ಚು ಮಾಡಬೇಡಿ, 20 ಪದ ಕೊಟ್ಟರೆ ಹತ್ತನೇ ದಿನಕ್ಕೆ ಪುಸ್ತಕ ಮೂಲೆ ಸೇರುತ್ತದೆ.

ಮೂರನೇ ಕಾಲಂ ಬಿಡಬೇಡಿ. ಎರಡೇ ಕಾಲಂ ಬರೆದವರಿಗೆ ಪದ ಗೊತ್ತಿದ್ದೂ ಉತ್ತರ ಬರೆಯಲು ಬರುವುದಿಲ್ಲ, ಯಾಕೆಂದರೆ ಕನ್ನಡದಲ್ಲಿ ಕ್ರಿಯಾಪದ ಕೊನೆಗೆ, ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ. ‘ಗಿಡಗಳು ಆಹಾರ ತಯಾರಿಸುತ್ತವೆ’ ಎಂಬುದನ್ನು ‘ಪ್ಲಾಂಟ್ಸ್ ಫುಡ್ ಮೇಕ್’ ಎಂದು ಬರೆಯುವುದು ಅದರಿಂದಲೇ. ಪ್ರಶ್ನೆಪತ್ರಿಕೆಯ ಆಜ್ಞಾಪದಗಳನ್ನು ಬೇರೆ ಪುಟದಲ್ಲಿ ಬರೆಸಿ: ಡಿಫೈನ್, ಎಕ್ಸ್‌ಪ್ಲೇನ್, ಸ್ಟೇಟ್, ಜಸ್ಟಿಫೈ, ಡಿಫರೆನ್ಷಿಯೇಟ್. ವಿಷಯ ಗೊತ್ತಿದ್ದೂ ಅಂಕ ಹೋಗುವುದು ಇಲ್ಲೇ, ವ್ಯತ್ಯಾಸ ಕೇಳಿದ್ದಕ್ಕೆ ವ್ಯಾಖ್ಯೆ ಬರೆದು ಬರುತ್ತಾರೆ.

ಮೊದಲ ಟೆಸ್ಟಿನಲ್ಲಿ ಅಂಕ ಇಳಿಯುತ್ತದೆ, ಇಳಿಯಲಿ. ಗಾಬರಿಯಾಗಿ ವಾಪಸ್ ಕರೆತರಬೇಡಿ. ವರ್ಷದ ಕೊನೆಗೂ ಮೇಲೇಳದಿದ್ದರೆ ಮೇಲೆ ಹರಿಹರದವರಿಗೆ ಹೇಳಿದ ಪರೀಕ್ಷೆ ಮಾಡಿ ನೋಡಿ.

ಒಂದರಿಂದ ನಾಲ್ಕು ಕನ್ನಡದಲ್ಲೇ ಕಲಿಸಬೇಕು ಅಂತ ಕಾನೂನು ಇಲ್ಲವೇ?
ಹೊಳಲ್ಕೆರೆಯ ಓದುಗರು

ಮಾತೃಭಾಷೆ ಇಲ್ಲವೇ ಕನ್ನಡದಲ್ಲಿ ಕಲಿಸಬೇಕು ಎಂದು 1994ರಲ್ಲಿ ಸರ್ಕಾರ ಆದೇಶಿಸಿತ್ತು. ಮಾತೃಭಾಷಾ ಮಾಧ್ಯಮವನ್ನು ಹೇರುವಂತಿಲ್ಲ, ಆಯ್ಕೆ ತಂದೆತಾಯಿಯದು ಎಂದು ಸುಪ್ರೀಂ ಕೋರ್ಟ್ 2014ರ ಮೇ 6ರಂದು ತೀರ್ಪು ಕೊಟ್ಟಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಸಾಧ್ಯವಾದಷ್ಟೂ ಮಾತೃಭಾಷೆಯಲ್ಲಿ ಎನ್ನುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸಾಧ್ಯವಿದ್ದೆಡೆ ಕನಿಷ್ಠ 5ನೇ ತರಗತಿವರೆಗೆ ಎನ್ನುತ್ತದೆ. ಕೋರ್ಟು ತೀರ್ಮಾನಿಸಿದ್ದು ಯಾರಿಗೆ ಹಕ್ಕಿದೆ ಎಂಬುದನ್ನು. ಮಗುವಿಗೆ ಯಾವುದು ಹಿತ ಎಂಬುದನ್ನು ನೀವೇ ನೋಡಬೇಕು.

ನಮಗಿಬ್ಬರಿಗೂ ಇಂಗ್ಲಿಷ್ ಬರಲ್ಲ. ಮಗ ಇಂಗ್ಲಿಷ್ ಮೀಡಿಯಂ ಎರಡನೇ ಕ್ಲಾಸು. ಮನೆಯಲ್ಲಿ ನಾವೇನು ಮಾಡಬಹುದು?
ಚಳ್ಳಕೆರೆಯಿಂದ ದಂಪತಿ

ಬಹಳ ಮಾಡಬಹುದು. ಇಂಗ್ಲಿಷ್ ಬಾರದ ತಾಯಿ ಮುರುಕು ಇಂಗ್ಲಿಷಿನಲ್ಲಿ ಮಾತಾಡಿಸಿದರೆ ಮಗು ಇಂಗ್ಲಿಷನ್ನೂ ಕಲಿಯುವುದಿಲ್ಲ, ತಾಯಿಯ ಒಳ್ಳೆಯ ಮಾತನ್ನೂ ಕಳೆದುಕೊಳ್ಳುತ್ತದೆ. ನೀವು ಕನ್ನಡದಲ್ಲೇ ಮಾತಾಡಿ, ತುಂಬು ವಾಕ್ಯದಲ್ಲಿ. ಕಡಲೆಕಾಯಿ ಬಿಡಿಸುತ್ತಾ ಇದು ನೆಲದೊಳಗೆ ಹೇಗೆ ಕಾಯಾಯಿತು ಎಂದು ಕೇಳಿ. ಕಂಬಳಿ ನೇಯುವವರನ್ನು ತೋರಿಸಿ, ಉಣ್ಣೆಯಿಂದ ನೂಲಿನವರೆಗೆ ಏನೇನಾಗುತ್ತದೆ ಎಂದು ಅವನಿಂದಲೇ ಹೇಳಿಸಿ. ‘ಮೊದಲು, ಆಮೇಲೆ, ಯಾಕಂದ್ರೆ, ಇಲ್ಲದಿದ್ದರೆ’ ಎಂದು ಜೋಡಿಸಿ ಹೇಳಲು ಬಂದ ಮಗುವಿಗೆ ನಾಳೆ ವಿಜ್ಞಾನದ ಉತ್ತರ ಬರೆಯಲು ಕಷ್ಟವಾಗದು.

ರಾತ್ರಿ ಹತ್ತು ನಿಮಿಷ ಕನ್ನಡ ಕಥೆ ಓದಿಸಿ. ಒಂದೊಂದೇ ಅಕ್ಷರ ಕೂಡಿಸುತ್ತಾ ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಮೊದಲು ಮರೆತಿರುತ್ತಾನೆ, ಆದ್ದರಿಂದ ಅದೇ ಸಾಲನ್ನು ಮೂರು ಸಲ ಓದಿಸಿ. ಇಂಗ್ಲಿಷ್ ಹೋಂವರ್ಕ್ ಆದಮೇಲೆ ನೀವು ಶಿಷ್ಯರಾಗಿ: ‘ಇದೇನು ಬರೆದೀ, ನನಗೆ ಕನ್ನಡದಾಗೆ ತಿಳಿಸಿ ಹೇಳು’ ಎನ್ನಿ. ಹೇಳಲು ಬಾರದ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಡಿ. ಶನಿವಾರ ಆ ಚುಕ್ಕೆಗಳ ಪುಟವನ್ನು ಕ್ಲಾಸ್ ಟೀಚರಿಗೆ ತೋರಿಸಿ, ಇಷ್ಟು ಅರ್ಥವಾಗಿಲ್ಲ ಮೇಡಂ ಎಂದು ಕೇಳಿ.